ಎರವಲು ತಂದದ್ದನ್ನು ಎರವಲು ಕೊಡುವುದು

ಅಮೆರಿಕದ ಎಷ್ಟೋ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಪುಸ್ತಕದ ಹಾಗೆಯೇ ಹಾಟ್‌ಸ್ಪಾಟನ್ನೂ ಎರವಲು ಕೊಡುತ್ತಾರೆ. ಅಂಗೈಯಗಲದ ಒಂದು ಡಬ್ಬಿ. ಮನೆಗೆ ಒಯ್ದು ಗುಂಡಿ ಒತ್ತಿದರೆ ಮೊಬೈಲ್ ಸಿಗ್ನಲ್ ಹಿಡಿದು ಮನೆಮಂದಿಗೆಲ್ಲ ಇಂಟರ್ನೆಟ್ ಹಂಚುತ್ತದೆ. ಅವಧಿ ಮುಗಿದ ಮೇಲೆ ಮರಳಿಸಬೇಕು. ಕೊರೋನಾ ಕಾಲದಲ್ಲಿ, 2021ರಲ್ಲಿ, ಅಲ್ಲಿನ ಸಂಸತ್ತು ಇಂಥವುಗಳಿಗಾಗಿ ಶಾಲೆ, ಗ್ರಂಥಾಲಯಗಳಿಗೆ 700 ಕೋಟಿ ಡಾಲರಿಗೂ ಮಿಕ್ಕಿ ಹಣ ಕೊಟ್ಟಿತು. 2024ರ ಜೂನ್‌ಗೆ ಆ ಯೋಜನೆ ಮುಗಿಯಿತು.

ಉಳಿದದ್ದು ಇ-ರೇಟ್ ಎಂಬ ಹಳೆಯ ನಿಧಿ. 1996ರ ದೂರಸಂಪರ್ಕ ಕಾಯ್ದೆಯಿಂದ ಹುಟ್ಟಿದ್ದು. ಜನ ಫೋನ್ ಬಿಲ್ಲಿನ ಜೊತೆ ಕಟ್ಟುವ ಸಣ್ಣ ಶುಲ್ಕದಿಂದ ನಡೆಯುತ್ತದೆ. ಈ ಹಣವನ್ನು ಹಾಟ್‌ಸ್ಪಾಟಿಗೂ ಬಳಸಬಹುದೆಂದು 2024ರ ಜುಲೈನಲ್ಲಿ ಅಲ್ಲಿನ ಸಂಪರ್ಕ ಆಯೋಗ ಹೇಳಿತು. ಸರ್ಕಾರ ಬದಲಾಯಿತು. 2025ರ ಸೆಪ್ಟೆಂಬರ್‌ನಲ್ಲಿ ಅದೇ ಆಯೋಗ ಕೂಡದು ಎಂದಿತು.

ಕೂಡದು ಎನ್ನುವವರ ಮುಖ್ಯ ವಾದ ಸರಳ: ಕಾಯ್ದೆ ಹೇಳುವುದು ತರಗತಿ ಮತ್ತು ಗ್ರಂಥಾಲಯ ಎಂದು, ಮನೆ ಎಂದಲ್ಲ. ಕಾನೂನಿನ ಮಾತು ಕೋರ್ಟಿಗಿರಲಿ. ನನ್ನನ್ನು ಕಾಡುವುದು ಅದರೊಳಗಿನ ಪ್ರಶ್ನೆ. ಗ್ರಂಥಾಲಯ ಎಲ್ಲಿಗೆ ಮುಗಿಯುತ್ತದೆ? ನಾನು ತಂದ ಕಾದಂಬರಿ ನನ್ನ ದಿಂಬಿನ ಪಕ್ಕದಲ್ಲಿ ಬಿದ್ದಿದ್ದರೂ ಅದು ಗ್ರಂಥಾಲಯದ್ದೇ, ಒಳಗಿನ ಮುದ್ರೆಯೇ ಸಾಕ್ಷಿ. 2020ರ ಮಾರ್ಚ್‌ನಲ್ಲಿ ಗ್ರಂಥಾಲಯಗಳು ಬಾಗಿಲು ಹಾಕಿದಾಗ, ಒಳಗಿನ ವೈಫೈಯನ್ನು ಹೊರಗೆ ನಿಂತವರೂ ಬಳಸಲಿ ಎಂದು ಇದೇ ಆಯೋಗ ಒಪ್ಪಿತ್ತು. ಕಾರು ನಿಲ್ಲಿಸಿಕೊಂಡು ಅದರಲ್ಲೇ ಕೂತು ಮಕ್ಕಳು ಪಾಠ ಬರೆದರು. ಅಂದರೆ ಗೋಡೆ ದಾಟಿ ಪಾರ್ಕಿಂಗ್ ಜಾಗದವರೆಗೆ ಗ್ರಂಥಾಲಯ ಹರಿಯಬಹುದು, ಕಾರಿಲ್ಲದವಳ ಅಡುಗೆಮನೆಯವರೆಗೆ ಹರಿಯಕೂಡದು!

ಮನೆಯಲ್ಲಿ ಮಕ್ಕಳು ಏನು ನೋಡುತ್ತಾರೋ ಎಂಬ ಆತಂಕ ಇನ್ನೊಂದು. ಅದು ಸುಳ್ಳಲ್ಲ. ಆದರೆ ಸ್ವಂತ ದುಡ್ಡಿನಲ್ಲಿ ಇಂಟರ್ನೆಟ್ ಹಾಕಿಸಿಕೊಂಡವರ ಮಕ್ಕಳ ಬಗ್ಗೆ ಯಾವ ಆಯೋಗವೂ ಹೀಗೆ ನಿದ್ದೆಗೆಡುವುದಿಲ್ಲ.

ಇಷ್ಟಾದರೂ ಹಾಟ್‌ಸ್ಪಾಟ್ ಪುಸ್ತಕದಂತಲ್ಲ. ಒಮ್ಮೆ ಕೊಂಡ ಪುಸ್ತಕ, ಅನುದಾನ ನಿಂತರೂ ಕಪಾಟಿನಲ್ಲಿ ನಲವತ್ತು ವರ್ಷ ಕೂತಿರುತ್ತದೆ. ಈ ಡಬ್ಬಿಯ ಲೆಕ್ಕ ಬೇರೆ. 2024ರ ನಿಯಮದಲ್ಲಿ ಒಂದು ಉಪಕರಣಕ್ಕೆ ಹೆಚ್ಚೆಂದರೆ 90 ಡಾಲರ್, ಸಂಪರ್ಕಕ್ಕೆ ತಿಂಗಳಿಗೆ 15 ಡಾಲರ್ ಎಂದಿತ್ತು. ಮೂರು ವರ್ಷಕ್ಕೆ ಡಬ್ಬಿಯ ಖರ್ಚು 90, ಅದನ್ನು ಬದುಕಿಸಿಡುವ ಖರ್ಚು 540. ಬಾಡಿಗೆ ಕಟ್ಟದ ತಿಂಗಳು ಅದು ಬರೀ ಪ್ಲಾಸ್ಟಿಕ್. ಗ್ರಂಥಾಲಯ ಕೊಡುತ್ತಿರುವುದು ತನ್ನದನ್ನಲ್ಲ, ಕಂಪನಿಯಿಂದ ತಾನೇ ಎರವಲು ತಂದದ್ದನ್ನು.

ನೈತಿಕವಾಗಿ ನನಗೆ ಕಷ್ಟವೆನಿಸುವುದು ಇಲ್ಲಿ. ಕೊಡದೆ ಇರುವುದು ಒಂದು. ಕೊಟ್ಟು, ಅದರ ಮೇಲೆ ಒಬ್ಬರು ಬದುಕು ಹೊಂದಿಸಿಕೊಂಡ ಮೇಲೆ ಕಿತ್ತುಕೊಳ್ಳುವುದು ಮತ್ತೊಂದು. ಕೆಲಸದ ಅರ್ಜಿಗೆ ಉತ್ತರ ಈಮೇಲ್‌ನಲ್ಲಿ ಬರಲಿದೆ, ವೈದ್ಯರನ್ನು ಪರದೆಯ ಮೇಲೆ ಕಾಣುವುದಿದೆ. ಅಂಥ ಮನೆಯಲ್ಲಿ ಆ ದೀಪ ಆರಿದರೆ ಮೊದಲಿದ್ದ ಸ್ಥಿತಿಗೇ ಮರಳಿದಂತಾಗುವುದಿಲ್ಲ, ಇನ್ನೂ ಕೆಳಕ್ಕೆ ಇಳಿದಂತಾಗುತ್ತದೆ. ಹಾಗೆಂದು ಕೊಡುವುದೇ ಬೇಡವಿತ್ತು ಎನ್ನುವ ಜಾಣತನ ನನಗೆ ಒಗ್ಗದು. ಅದು ಹೊಟ್ಟೆ ತುಂಬಿದವರ ಜಾಣತನ.

ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿಯ ಹಣದಿಂದ ಅಮೆರಿಕದಲ್ಲಿ 1,600ಕ್ಕೂ ಹೆಚ್ಚು ಗ್ರಂಥಾಲಯ ಕಟ್ಟಡಗಳು ಎದ್ದವು. ತನ್ನ ಕಾರ್ಮಿಕರ ವಿಷಯದಲ್ಲಿ ಆತ ಉದಾರಿಯಾಗಿರಲಿಲ್ಲ, ಅದಿರಲಿ. ಆದರೆ ಕಟ್ಟಡಕ್ಕೆ ದುಡ್ಡು ಬೇಕಾದರೆ, ಅದರ ಹತ್ತನೇ ಒಂದು ಪಾಲನ್ನು ಪ್ರತಿವರ್ಷ ನಿರ್ವಹಣೆಗೆ ಕೊಡುತ್ತೇವೆಂದು ಊರಿನವರು ಮೊದಲೇ ಮಾತು ಕೊಡಬೇಕಿತ್ತು. ಎರವಲು ಪಡೆದವರಿಗೆ ಮರಳಿಸುವ ದಿನವನ್ನು ಮೊದಲೇ ಹೇಳುತ್ತೇವಲ್ಲ; ಹಣ ಕೊಡುವ ಸರ್ಕಾರಗಳೂ ಇಷ್ಟು ವರ್ಷ ನಿಲ್ಲಿಸುವುದಿಲ್ಲವೆಂದು ಬರೆದುಕೊಡಲಿ ಎಂಬುದಷ್ಟೇ ನನ್ನ ಬೇಡಿಕೆ. ಮುಂದಿನ ಚುನಾವಣೆಯನ್ನು ದಾಟುವಷ್ಟು ವರ್ಷವಾದರೂ.