ಕಲ್ಲಿನೊಳಗಿನ ಕಪ್ಪೆ

ತುಮಕೂರಿನಲ್ಲಿ ತಂಗಿಯ ಮನೆಗೆ ಹೋಗಿದ್ದೆ. ಅವಳ ಮಗ ಹತ್ತನೇ ಕ್ಲಾಸಿನ ಹುಡುಗ. ಒಂದು ವಿಡಿಯೊ ಗೇಮ್‌ಗಾಗಿ ಎಂಟು ತಿಂಗಳಿಂದ ಕಾದಿದ್ದ. ಹಬ್ಬಕ್ಕೆ ಅಜ್ಜಿ ಕೊಟ್ಟದ್ದು, ಹುಟ್ಟುಹಬ್ಬಕ್ಕೆ ನಾನು ಕೊಟ್ಟದ್ದು, ಎಲ್ಲವನ್ನೂ ಕೂಡಿಟ್ಟು ಅದಕ್ಕೆ ಮುಂಗಡ ಹಣ ಕಟ್ಟಿದ್ದ. ಆಟದ ಹೆಸರು ಇಲ್ಲಿ ಬೇಡ. ಡಿಸ್ಕ್ ಬಂತು. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದ ಹಳೆಯ ಕನ್ಸೋಲ್‌ಗೆ ಅದನ್ನು ಹಾಕಿದ ಕೂಡಲೇ, ಹತ್ತಾರು ಜಿಬಿಯ ಅಪ್‌ಡೇಟ್ ಇಳಿಸಿಕೊಳ್ಳಬೇಕೆಂಬ ಸೂಚನೆ ಮೂಡಿತು. ರಾತ್ರಿಯೆಲ್ಲ ಅದು ಇಳಿಯಿತು. ಬೆಳಿಗ್ಗೆ ಮುಖವನ್ನೂ ತೊಳೆಯದೆ ಆಡಲು ಕೂತ. ಮುಕ್ಕಾಲು ಗಂಟೆ ಕಳೆದಿರಬೇಕು. ಬೀದಿ ದಾಟುತ್ತಿದ್ದ ಆಟದ ನಾಯಕ ಇದ್ದಕ್ಕಿದ್ದಂತೆ ನೆಲದೊಳಗೆ ಮುಳುಗಿ, ಕೆಳಗಿನ ಬೂದುಬಣ್ಣದ ಬಯಲಲ್ಲಿ ಬೀಳುತ್ತಲೇ ಹೋದ. ಆಫ್ ಮಾಡಿ ಆನ್ ಮಾಡಿದರೆ, ಅಲ್ಲಿಯವರೆಗೆ ಆಡಿದ್ದೆಲ್ಲ ಅಳಿಸಿಹೋಗಿತ್ತು.

ನಾನು ಏನಾದರೂ ಸಮಾಧಾನ ಹೇಳಬೇಕು ಅನ್ನುವಷ್ಟರಲ್ಲಿ ಅವನೇ ಹೇಳಿದ: “ಸರಿ ಮಾಡ್ತಾರಂತೆ ಮಾವ. ಎರಡು ತಿಂಗಳಲ್ಲಿ ದೊಡ್ಡ ಪ್ಯಾಚ್ ಬರುತ್ತಂತೆ.” ಸ್ವಲ್ಪ ಹೊತ್ತು ಸುಮ್ಮನಿದ್ದು, “ಆದ್ರೆ ನಾನು ಕಾದಿದ್ದು ಇವತ್ತಿಗೆ” ಅಂದ.

ಆ ಮಾತು ನನ್ನನ್ನು ಬಿಡಲಿಲ್ಲ. ಅವನು ಕಳೆದುಕೊಂಡದ್ದಾದರೂ ಏನು? ಹಣ ವಾಪಸು ಬಂದೀತು. ಆಟವೂ ಒಂದಲ್ಲ ಒಂದು ದಿನ ಸರಿಹೋದೀತು. ಹೋದದ್ದು ಆ ಬೆಳಗು. ಕಾಣದ ಊರಿಗೆ ಮೊದಲ ಸಲ ಕಾಲಿಡುವ ಬೆರಗು ಒಬ್ಬರಿಗೆ ಒಂದೇ ಸಲ ಸಿಗುವಂಥದು. ಎರಡು ತಿಂಗಳ ಮೇಲೆ ಅವನು ಅದೇ ಬೀದಿಗೆ ಬಂದಾಗ ನೆಲ ಗಟ್ಟಿಯಾಗಿರುತ್ತದೆ, ಆದರೆ ಅವನು ಹೆಜ್ಜೆಯಿಡುವುದು ಅನುಮಾನದಿಂದ. ಆಟಕ್ಕೆ ಪ್ಯಾಚ್ ಹಾಕಬಹುದು, ಮೊದಲ ಸಲಕ್ಕೆ ಹಾಕಲಾಗದು.

ಮಧ್ಯಾಹ್ನ ಅವನನ್ನು ಕರೆದುಕೊಂಡು ಹತ್ತಿರದ ಕೈದಾಳಕ್ಕೆ ಹೋದೆ. ಚೆನ್ನಕೇಶವನ ಗುಡಿಯ ನೆರಳಲ್ಲಿ ಕೂತು, ಕನ್ನಡನಾಡಿನ ಮಕ್ಕಳಿಗೆಲ್ಲ ಗೊತ್ತಿರುವ ಆ ಕತೆಯನ್ನು ಮತ್ತೆ ಹೇಳಿದೆ. ಬೇಲೂರಿನಲ್ಲಿ ಜಕಣಾಚಾರಿ ಕೆತ್ತಿದ ಮೂರ್ತಿ ಪ್ರತಿಷ್ಠೆಗೆ ಸಿದ್ಧವಾಗಿದೆ. ಮುಹೂರ್ತ ಗೊತ್ತಾಗಿದೆ, ಜನ ನೆರೆದಿದ್ದಾರೆ. ಊರೂರು ಅಲೆದು ಬಂದ ಹುಡುಗನೊಬ್ಬ ಮುಂದೆ ಬಂದು, ಈ ಕಲ್ಲಿನಲ್ಲಿ ದೋಷವಿದೆ ಅನ್ನುತ್ತಾನೆ. ದೋಷ ತೋರಿಸಿದರೆ ಬಲಗೈ ಕತ್ತರಿಸಿಕೊಳ್ಳುತ್ತೇನೆ ಎಂದು ಶಿಲ್ಪಿ ಪಣ ತೊಡುತ್ತಾನೆ. ಮೂರ್ತಿಗೆ ಮೈತುಂಬ ಗಂಧ ಬಳಿಯುತ್ತಾರೆ. ಎಲ್ಲ ಕಡೆ ಒಣಗಿದ ಗಂಧ ಹೊಕ್ಕುಳ ಬಳಿ ಮಾತ್ರ ಒಣಗುವುದಿಲ್ಲ. ಅಲ್ಲಿ ಉಳಿಯಿಟ್ಟರೆ ನೀರು, ಮರಳು, ಜೊತೆಗೆ ಜೀವಂತ ಕಪ್ಪೆ. ಶಿಲ್ಪಿ ನುಡಿದಂತೆ ಕೈ ಕಡಿದುಕೊಳ್ಳುತ್ತಾನೆ. ಆ ಹುಡುಗ ಡಂಕಣಾಚಾರಿ, ಅವನ ಮಗನೇ ಎಂದು ಆಮೇಲೆ ತಿಳಿಯುತ್ತದೆ. ಹುಟ್ಟೂರು ಕ್ರೀಡಾಪುರದಲ್ಲಿ ಚೆನ್ನಕೇಶವನ ಗುಡಿ ಕಟ್ಟಿದಾಗ ಕೈ ಮರಳಿ ಬರುತ್ತದೆ, ಕ್ರೀಡಾಪುರ ಕೈದಾಳವಾಗುತ್ತದೆ.

ಇದು ಚರಿತ್ರೆಯಲ್ಲ, ಐತಿಹ್ಯ. ಆದರೆ ಮಾಡುವವನು, ಮಾಡಿದ ವಸ್ತು, ಅದರಲ್ಲಿ ಅಡಗಿದ ದೋಷ, ಒಪ್ಪಿಸಬೇಕಾದ ದಿನ ಈ ನಾಲ್ಕರ ಸಂಬಂಧವನ್ನು ಇಷ್ಟು ನೇರವಾಗಿ ಹಿಡಿದ ಕತೆ ನನಗೆ ಬೇರೆ ಗೊತ್ತಿಲ್ಲ. ನಮ್ಮ ಹುಡುಗನ ಬೆಳಗನ್ನು ಕಿತ್ತುಕೊಂಡದ್ದು ಏನೆಂದು ಈ ಕತೆಯ ಬೆಳಕಿನಲ್ಲೇ ನೋಡಬೇಕೆನಿಸಿತು.

ಮೊದಲನೆಯದಾಗಿ, ಕಲ್ಲಿನಲ್ಲಿ ಕಪ್ಪೆ ಇದ್ದದ್ದು ಶಿಲ್ಪಿಯ ಅಪರಾಧವಲ್ಲ. ಇಂದಿನ ದೊಡ್ಡ ಆಟವೊಂದರಲ್ಲಿ ಲಕ್ಷಗಟ್ಟಲೆ ಸಾಲುಗಳ ಕೋಡ್ ಇರುತ್ತದೆ. ಒಂದು ನಗರವಿರುತ್ತದೆ, ಅದರ ಬೀದಿಗಳಲ್ಲಿ ಜನ, ವಾಹನ, ಮಳೆ, ಕತ್ತಲು. ಆಡುವವನು ಯಾವ ಗಳಿಗೆಯಲ್ಲಿ ಯಾವ ಗೋಡೆ ಹತ್ತುತ್ತಾನೋ ಯಾರೂ ಊಹಿಸಲಾರರು. ಪರೀಕ್ಷೆಯಿಂದ ದೋಷ ಇದೆಯೆಂದು ತೋರಿಸಬಹುದೇ ಹೊರತು ಇಲ್ಲವೆಂದು ಸಾಧಿಸಲಾಗದು ಎಂಬ ಅರ್ಥದ ಮಾತನ್ನು ಡಚ್ ಗಣಕವಿಜ್ಞಾನಿ ಎಡ್ಸ್‌ಖರ್ ಡೈಕ್‌ಸ್ಟ್ರಾ ಅರ್ಧ ಶತಮಾನಕ್ಕೂ ಹಿಂದೆಯೇ ಹೇಳಿದ್ದರು. ಹಾಗಾಗಿ ಒಂದೂ ಬಗ್ ಇಲ್ಲದ ಆಟ ಬೇಕೆಂದು ಹಟ ಹಿಡಿಯುವುದು ನ್ಯಾಯವಲ್ಲ. ಕೇಳಬೇಕಾದದ್ದು ಬೇರೆ: ಗಂಧವನ್ನು ಮೈತುಂಬ ಬಳಿದಿರಾ? ಒಣಗದ ಜಾಗ ಕಂಡಾಗ ಏನು ಮಾಡಿದಿರಿ?

ಈ ಪ್ರಶ್ನೆಯನ್ನು ಇಟ್ಟುಕೊಂಡು ಪೋಲೆಂಡಿನ ಸಿಡಿ ಪ್ರಾಜೆಕ್ಟ್ ಕಂಪನಿಯ ‘ಸೈಬರ್‌ಪಂಕ್ 2077’ರ ಕತೆಯನ್ನು ನೋಡಬೇಕು. ಆ ಆಟವನ್ನು ಘೋಷಿಸಿದ್ದು 2012ರಲ್ಲಿ. ಬಿಡುಗಡೆಗೆ 2020ರ ಏಪ್ರಿಲ್ 16 ಎಂದರು, ಆಮೇಲೆ ಸೆಪ್ಟೆಂಬರ್ 17 ಎಂದರು, ನಂತರ ನವೆಂಬರ್ 19. ಅಕ್ಟೋಬರ್ ಮೊದಲ ವಾರದಲ್ಲಿ ಆಟ ‘ಗೋಲ್ಡ್’ ಆಯಿತೆಂದು ಸಾರಿದರು. ಈ ಉದ್ಯಮದಲ್ಲಿ ಗೋಲ್ಡ್ ಎಂದರೆ ಕೆಲಸ ಮುಗಿಯಿತು, ಡಿಸ್ಕ್ ಅಚ್ಚುಹಾಕಲು ಮೂಲಪ್ರತಿ ಸಿದ್ಧ ಎಂದರ್ಥ. ಮೂರು ವಾರ ಕಳೆಯುತ್ತಿದ್ದಂತೆಯೇ ಬಿಡುಗಡೆ ಇನ್ನೂ 21 ದಿನ ಮುಂದಕ್ಕೆ ಹೋಯಿತು. ‘ಮುಗಿಯಿತು’ ಎಂಬ ಮಾತಿಗೆ ಮುಗಿದಿದೆ ಎಂಬ ಅರ್ಥವೇ ಉಳಿದಿರಲಿಲ್ಲ.

ಡಿಸೆಂಬರ್ 10ಕ್ಕೆ ಆಟ ಬಂತು. ಅಷ್ಟರಲ್ಲಿ 80 ಲಕ್ಷ ಮಂದಿ ಮುಂಗಡವಾಗಿ ಕೊಂಡಾಗಿತ್ತು. ಬಿಡುಗಡೆಗೆ ಮುಂಚೆ ವಿಮರ್ಶಕರ ಕೈಗೆ ಕೊಟ್ಟದ್ದು ಕಂಪ್ಯೂಟರಿನಲ್ಲಿ ಆಡುವ ಪ್ರತಿಯನ್ನು ಮಾತ್ರ. ಶಕ್ತಿಶಾಲಿ ಕಂಪ್ಯೂಟರುಗಳಲ್ಲಿ ಅದು ತಕ್ಕಮಟ್ಟಿಗೆ ಚೆನ್ನಾಗಿಯೇ ನಡೆಯುತ್ತಿತ್ತು. 2013ರ ಕಾಲದ ಪ್ಲೇಸ್ಟೇಷನ್ 4, ಎಕ್ಸ್‌ಬಾಕ್ಸ್ ಒನ್ ಕನ್ಸೋಲ್‌ಗಳ ಪ್ರತಿಯನ್ನು ಅವರಿಗೆ ಮುಂಚಿತವಾಗಿ ಕೊಟ್ಟಿರಲಿಲ್ಲ. ಹಳೆಯ ಕನ್ಸೋಲ್‌ಗಳಲ್ಲೂ ಆಟ ಅಚ್ಚರಿಯಾಗುವಷ್ಟು ಚೆನ್ನಾಗಿದೆ ಎಂದು ಕಂಪನಿಯ ಮುಖ್ಯಸ್ಥರು ನವೆಂಬರಿನಲ್ಲಿ ಹೂಡಿಕೆದಾರರಿಗೆ ಹೇಳಿದ್ದರು. ಜನ ಮನೆಯಲ್ಲಿ ಹಾಕಿ ನೋಡಿದರೆ ಚಿತ್ರ ಮಸುಕು, ಚಲನೆ ತಡವರಿಕೆ, ಆಟ ಮತ್ತೆ ಮತ್ತೆ ಕ್ರ್ಯಾಶ್. ಎಂಟೇ ದಿನಕ್ಕೆ, ಡಿಸೆಂಬರ್ 18ರಂದು, ಸೋನಿ ತನ್ನ ಅಂಗಡಿಯಿಂದ ಆಟವನ್ನು ತೆಗೆದುಹಾಕಿ, ಕೊಂಡವರಿಗೆ ಹಣ ಹಿಂದಿರುಗಿಸುವುದಾಗಿ ಹೇಳಿತು. ಅದು ಆ ಅಂಗಡಿಗೆ ಮರಳಿದ್ದು 2021ರ ಜೂನ್‌ನಲ್ಲಿ.

ಗಂಧವನ್ನು ಮುಖಕ್ಕೆ ಮಾತ್ರ ಬಳಿದು, ನೋಡಿ ಒಣಗಿದೆ ಎಂದು ತೋರಿಸಿದಂತಾಯಿತು ಇದು. ಹೊಕ್ಕುಳು ಯಾವುದು? ಹೊಸ ಯಂತ್ರ ಕೊಳ್ಳಲಾರದೆ ಏಳು ವರ್ಷ ಹಳೆಯ ಕನ್ಸೋಲ್‌ನಲ್ಲೇ ಆಡುವವನ ಮನೆ. ದೋಷವೆಲ್ಲ ಹೋಗಿ ತಂಗಿದ್ದು ಅಲ್ಲಿ. ಒಂದು ವಸ್ತುವನ್ನು ಮಾಡಿದವರ ಪ್ರಾಮಾಣಿಕತೆ ಗೊತ್ತಾಗುವುದು ಅದು ಅತಿ ದುರ್ಬಲ ಕೈಗೆ ಹೋದಾಗ. ಸೇತುವೆಯ ಗಟ್ಟಿತನ ತುಂಬಿದ ಹೊಳೆಯಲ್ಲಿ ಗೊತ್ತಾಗುವ ಹಾಗೆ.

ಇದನ್ನೆಲ್ಲ ಹೇಳಿದಾಗ ನನ್ನ ವಯಸ್ಸಿನವರು ಕೂಡಲೇ ಅನ್ನುವುದುಂಟು: ನಮ್ಮ ಕಾಲದ ಆಟಗಳು ಹೀಗಿರಲಿಲ್ಲ, ಕಾರ್ಟ್ರಿಜ್ ಹಾಕಿದರೆ ಸಾಕು ನಡೆಯುತ್ತಿತ್ತು, ಈ ಇಂಟರ್‌ನೆಟ್ ಬಂದ ಮೇಲೆ ಕೆಟ್ಟಿತು ಎಂದು. ಇದರಲ್ಲಿ ನಿಜವಿದೆ. ಕಾರ್ಟ್ರಿಜ್‌ನಲ್ಲಿ ಬರೆದದ್ದನ್ನು ತಿದ್ದುವಂತಿರಲಿಲ್ಲ. ಶಾಸನ ಕೊರೆಯುವವನ ಹಾಗೆ ಆಟ ಬರೆಯುವವನೂ ಕೊನೆಯ ಅಕ್ಷರಕ್ಕೆ ಮುಂಚೆ ಉಸಿರು ಬಿಗಿಹಿಡಿಯಬೇಕಿತ್ತು. ಆದರೆ ಪೂರ್ತಿ ನಿಜ ಇದಲ್ಲ. 1982ರಲ್ಲಿ ಅಮೆರಿಕದ ಅಟಾರಿ ಕಂಪನಿ ಸ್ಪೀಲ್‌ಬರ್ಗ್ ಅವರ ‘ಇ.ಟಿ.’ ಸಿನಿಮಾದ ಹಕ್ಕನ್ನು ಪಡೆದಾಗ ಜುಲೈ ಮುಗಿಯುತ್ತ ಬಂದಿತ್ತು. ಕ್ರಿಸ್‌ಮಸ್ ಹೊತ್ತಿಗೆ ಆಟ ಅಂಗಡಿಯಲ್ಲಿರಬೇಕಿತ್ತು. ಹೋವರ್ಡ್ ಸ್ಕಾಟ್ ವಾರ್ಷಾ ಎಂಬ ಪ್ರೋಗ್ರಾಮರ್ ಒಬ್ಬರೇ ಸುಮಾರು ಐದು ವಾರದಲ್ಲಿ ಅದನ್ನು ಬರೆದರು. ಆಡಿದ ಮಕ್ಕಳು ಮತ್ತೆ ಮತ್ತೆ ಗುಂಡಿಗೆ ಬಿದ್ದು ಬೇಸತ್ತರು. ಮಾರಾಟವಾಗದೆ ಉಳಿದ ಪ್ರತಿಗಳನ್ನು 1983ರಲ್ಲಿ ಬೇರೆ ಆಟಗಳ ಕಾರ್ಟ್ರಿಜ್‌ಗಳ ಜೊತೆ ನ್ಯೂ ಮೆಕ್ಸಿಕೊದ ಅಲಮೊಗೋರ್ಡೊ ಎಂಬಲ್ಲಿ ಕಸದ ಗುಂಡಿಯಲ್ಲಿ ಹೂಳಿದರು. 2014ರಲ್ಲಿ ಅಗೆದಾಗ ಅವು ಸಿಕ್ಕವು.

ಆಗ ಪ್ಯಾಚ್ ಇರಲಿಲ್ಲ, ಇಂಟರ್‌ನೆಟ್ ಇರಲಿಲ್ಲ. ಆದರೂ ಅರೆಬೆಂದದ್ದನ್ನೇ ಬಡಿಸಿದರು. ಅಂದಮೇಲೆ ಕೇಡಿನ ಬೇರು ತಂತ್ರಜ್ಞಾನದಲ್ಲಿಲ್ಲ, ತಾರೀಖಿನಲ್ಲಿದೆ. ಹಬ್ಬದ ವ್ಯಾಪಾರ, ಷೇರುದಾರರಿಗೆ ಕೊಟ್ಟ ಮಾತು, ಆಗಲೇ ಖರ್ಚಾದ ಜಾಹೀರಾತಿನ ಹಣ ಇವೆಲ್ಲ ಸೇರಿ ಒಂದು ದಿನವನ್ನು ಗೊತ್ತುಮಾಡುತ್ತವೆ. ಆಮೇಲೆ ಕೆಲಸ ತನ್ನ ನಡಿಗೆಯಲ್ಲಿ ನಡೆಯುವುದಿಲ್ಲ, ಆ ದಿನದ ಹಿಂದೆ ಓಡುತ್ತದೆ. ಪ್ಯಾಚ್ ಮಾಡಿದ್ದು ಇಷ್ಟೆ: ಓಡುವವರಿಗೆ ಇದ್ದ ಕೊನೆಯ ಭಯವನ್ನೂ ತೆಗೆದುಹಾಕಿತು. ತಿದ್ದಿಕೊಳ್ಳುವ ಅವಕಾಶ ನಿಜವಾಗಿ ಒಂದು ವರ. ಆ ವರವನ್ನೇ ನೆಚ್ಚಿಕೊಂಡು ತಪ್ಪನ್ನು ಮುಂದಾಗಿ ಲೆಕ್ಕಕ್ಕೆ ಹಿಡಿದಾಗ ಅದು ಸಾಲವಾಗುತ್ತದೆ. ಆ ಸಾಲ ತೀರಿಸುವವನು ಮುಂಗಡ ಹಣ ಕಟ್ಟಿ ಕಾದ ಹುಡುಗ.

ಕತೆಯ ಡಂಕಣಾಚಾರಿಯಂಥವರು ಈ ಉದ್ಯಮದಲ್ಲಿ ಇಲ್ಲವೇ? ಸಾವಿರಾರು ಮಂದಿ ಇದ್ದಾರೆ. ಟೆಸ್ಟರ್ ಎಂದು ಅವರನ್ನು ಕರೆಯುತ್ತಾರೆ. ಬೆಂಗಳೂರು, ಪುಣೆಗಳಲ್ಲೂ ಆ ಕೆಲಸ ಮಾಡುವವರಿದ್ದಾರೆ. ಆಟದೊಳಗಿನ ಒಂದೊಂದು ಗೋಡೆಗೂ ಪಾತ್ರವನ್ನು ಹಾಯಿಸಿ, ಒಂದೊಂದು ಮೂಲೆಯಲ್ಲೂ ಹಾರಿಸಿ, ನೆಲ ಎಲ್ಲಿ ಕುಸಿಯಿತು, ಯಾವಾಗ ಕುಸಿಯಿತು, ಎಷ್ಟು ಸಲಕ್ಕೆ ಎಷ್ಟು ಸಲ ಕುಸಿಯಿತು ಎಂದು ಬರೆದಿಡುವುದು ಅವರ ದಿನಚರಿ. ಆಡುವ ಕೆಲಸವಲ್ಲವೇ ಎಂದು ನೆಂಟರು ಕೇಳುತ್ತಾರೆ. ಒಂದೇ ಬಾಗಿಲನ್ನು ನಾನೂರು ಸಲ ತೆರೆದು ಮುಚ್ಚುವುದು ಆಟವಲ್ಲ, ಕಾವಲು. ಅವರು ಕಂಡ ಎಷ್ಟೋ ದೋಷಗಳ ಮುಂದೆ ‘ನೋನ್ ಇಶ್ಯೂ’ ಎಂಬ ಗುರುತು ಬೀಳುತ್ತದೆ, ಅಂದರೆ ಗೊತ್ತಿರುವ ದೋಷ. ಗುರುತು ಬಿದ್ದ ಮೇಲೂ ಆಟ ಹೊರಡುತ್ತದೆ. ಹುಡುಗ ಕಪ್ಪೆಯನ್ನು ತೋರಿಸಿದ್ದಾನೆ, ಅವನು ಹೇಳಿದ್ದನ್ನು ಕಡತದಲ್ಲಿ ಬರೆದುಕೊಂಡಿದ್ದಾರೆ, ಪ್ರತಿಷ್ಠೆ ಮಾತ್ರ ನಿಂತಿಲ್ಲ. ನನ್ನನ್ನು ಹೆಚ್ಚು ನೋಯಿಸುವುದು ಇದು. ತಿಳಿಯದೆ ಉಳಿದ ದೋಷವನ್ನು ಕ್ಷಮಿಸಬಹುದು. ತಿಳಿದೂ ಮುಚ್ಚಿ ಮಾರಿದ್ದು ದೋಷವಲ್ಲ, ಮೋಸ.

ಶಿಕ್ಷೆ ಬೀಳುವುದೂ ತಪ್ಪಾದ ಕೈಗೆ. ಸಿಬ್ಬಂದಿಯನ್ನು ಹೆಚ್ಚುವರಿ ಕೆಲಸಕ್ಕೆ ಬಲವಂತ ಮಾಡುವುದಿಲ್ಲ ಎಂದು 2019ರಲ್ಲಿ ಹೇಳಿದ್ದ ಸಿಡಿ ಪ್ರಾಜೆಕ್ಟ್, 2020ರ ಸೆಪ್ಟೆಂಬರಿನಲ್ಲಿ ವಾರಕ್ಕೆ ಆರು ದಿನ ದುಡಿಯಲು ಹೇಳಿತು. ಅಷ್ಟು ದಿನ ಮನೆ ಮಠ ಬಿಟ್ಟು ದುಡಿದವರೇ ಬಿಡುಗಡೆಯ ಮೇಲೆ ಜಗತ್ತಿನ ಬೈಗುಳ ತಿಂದರು. 2021ರ ಜನವರಿಯಲ್ಲಿ ಸಹಸಂಸ್ಥಾಪಕ ಮಾರ್ಚಿನ್ ಇವಿನ್‌ಸ್ಕಿ ಕ್ಯಾಮೆರಾ ಮುಂದೆ ಬಂದು ಕ್ಷಮೆ ಕೇಳಿದರು. ನಿರ್ಧಾರ ನಮ್ಮದು, ಕೆಲಸ ಮಾಡಿದ ತಂಡವನ್ನು ದೂರಬೇಡಿ ಎಂದರು. ಆ ಮಾತು ಬಿಡುಗಡೆಗೆ ಮುಂಚೆ ಬಂದಿದ್ದರೆ ಅದಕ್ಕೆ ಇನ್ನೆಷ್ಟು ಬೆಲೆ ಇರುತ್ತಿತ್ತು!

ಹಾಗಾದರೆ ಕೈ ಕಡಿದುಕೊಳ್ಳಬೇಕೇ? ಬೇಡ. ಕತೆಯಲ್ಲಿ ಕೈ ಎಂದರೆ ಶಿಲ್ಪಿಯ ಹೆಮ್ಮೆ. ಅದನ್ನು ತ್ಯಜಿಸಲು ಸಿದ್ಧನಾದವನಿಗೆ ಮಾತ್ರ ಅದು ಮರಳಿ ಬರುತ್ತದೆ. ಈ ಉದ್ಯಮದಲ್ಲೂ ಅಂಥದೊಂದು ಘಟನೆ ನಡೆದಿದೆ. ಜಪಾನಿನ ಸ್ಕ್ವೇರ್ ಎನಿಕ್ಸ್ ಕಂಪನಿ 2010ರ ಸೆಪ್ಟೆಂಬರಿನಲ್ಲಿ ‘ಫೈನಲ್ ಫ್ಯಾಂಟಸಿ 14’ ಬಿಡುಗಡೆ ಮಾಡಿದಾಗ ಅದು ಆಡಲಾಗದಷ್ಟು ಹದಗೆಟ್ಟಿತ್ತು. ಕಂಪನಿ ಆ ಡಿಸೆಂಬರಿನಲ್ಲೇ ಬಹಿರಂಗವಾಗಿ ಕ್ಷಮೆ ಕೇಳಿತು, ತಿಂಗಳ ಶುಲ್ಕವನ್ನು ವರ್ಷಕ್ಕೂ ಮೇಲ್ಪಟ್ಟು ನಿಲ್ಲಿಸಿತು, ನವೊಕಿ ಯೊಶಿದಾ ಅವರ ಕೈಗೆ ಕೆಲಸ ಒಪ್ಪಿಸಿತು. ತೇಪೆ ಹಾಕಿ ಉಳಿಸುವ ಬದಲು ಯೊಶಿದಾ ಅವರ ತಂಡ ಇಡೀ ಆಟವನ್ನು ಬುಡದಿಂದ ಮತ್ತೆ ಕಟ್ಟಿತು. 2012ರ ನವೆಂಬರ್ 11ರಂದು ಹಳೆಯ ಆಟದ ಜಗತ್ತಿನ ಮೇಲೆ ಚಂದ್ರನೊಂದು ಕಳಚಿ ಬಿತ್ತು, ಆ ಪ್ರಳಯದ ದೃಶ್ಯದೊಂದಿಗೆ ಸರ್ವರ್‌ಗಳು ನಿಂತವು. 2013ರ ಆಗಸ್ಟ್‌ನಲ್ಲಿ ಅದೇ ಜಗತ್ತು ಹೊಸದಾಗಿ ಹುಟ್ಟಿ ಬಂತು, ಇಂದಿಗೂ ನಡೆಯುತ್ತಿದೆ. ತಾವು ಮಾಡಿದ ತಪ್ಪನ್ನು ಅಳಿಸಿಹಾಕದೆ ಆಟದ ಪುರಾಣದಲ್ಲೇ ಒಂದು ಪ್ರಳಯವಾಗಿ ಉಳಿಸಿಕೊಂಡರು. ಸೈಬರ್‌ಪಂಕ್ ಕೂಡ ವರ್ಷಗಳ ದುಡಿಮೆಯ ನಂತರ, 2023ರ ಸೆಪ್ಟೆಂಬರಿನ 2.0 ಅಪ್‌ಡೇಟಿನೊಂದಿಗೆ ಮೆಚ್ಚುಗೆ ಪಡೆಯಿತು. ಪ್ರಾಯಶ್ಚಿತ್ತ ಸಾಧ್ಯ, ಅದಕ್ಕೆ ಫಲವೂ ಇದೆ. ಆದರೆ ಕೊನೆಗೆ ಸರಿಹೋಯಿತಲ್ಲ ಎಂಬುದು ಮುಂದಿನವರಿಗೆ ರಹದಾರಿ ಆಗಬಾರದು.

ನಮ್ಮ ಪಾಲಿನದೂ ಒಂದಿದೆ. ಮೂರ್ತಿಯನ್ನು ನೋಡುವ ಮುಂಚೆಯೇ ಕಾಣಿಕೆ ಹಾಕಿದರೆ, ಗಂಧ ಬಳಿಯುವ ಶ್ರಮ ಯಾರಿಗೆ ಬೇಕು? ಆಟ ಬಂದ ಮೇಲೆ, ನಿಮ್ಮಲ್ಲಿರುವಂಥದೇ ಯಂತ್ರದಲ್ಲಿ ಆಡಿದವರ ಮಾತು ಕೇಳಿ ಕೊಳ್ಳಿ. ನಿಮ್ಮ ಮಕ್ಕಳಿಗೂ ಇದನ್ನು ಕಲಿಸಿ. ಆಟ ಮಾಡುವವರಲ್ಲಿ ನನ್ನ ಬೇಡಿಕೆಯೂ ಸಣ್ಣದು. ದೋಷ ಗೊತ್ತಿದ್ದರೆ ಮುಂಚೆಯೇ ಹೇಳಿ. ಇನ್ನೂ ಆರು ತಿಂಗಳು ಬೇಕು ಎಂದರೆ ಕಾಯುವ ಹುಡುಗರು ಕಾಯುತ್ತಾರೆ. ಅವರಿಗೆ ಕಾಯುವುದು ಗೊತ್ತು.

ಕೈದಾಳದಿಂದ ಹೊರಡುವಾಗ ಹುಡುಗ ಕೇಳಿದ: “ಆ ಕಪ್ಪೆ ಇದ್ದ ಮೂರ್ತಿಯನ್ನ ಏನ್ ಮಾಡಿದ್ರು ಮಾವ? ಬಿಸಾಕಿದ್ರಾ?” ಇಲ್ಲ. ಬೇಲೂರಿನ ದೊಡ್ಡ ಗುಡಿಯ ಪ್ರಾಕಾರದಲ್ಲೇ, ರಾಣಿ ಶಾಂತಲೆ ಕಟ್ಟಿಸಿದ ಗುಡಿಯಲ್ಲಿ ಅದು ನಿಂತಿದೆ. ದೋಷವನ್ನು ಯಾರೂ ಮುಚ್ಚಿಡಲಿಲ್ಲ. ಇಂದಿಗೂ ಜನ ಆ ದೇವರನ್ನು ಕಪ್ಪೆ ಚೆನ್ನಿಗರಾಯ ಎಂದೇ ಕರೆಯುತ್ತಾರೆ.