ಬೆಸೆದ ಮೇಲೆ ಒಂದೋ, ಎರಡೋ?

ಕೂಡಿದ್ದು ಮತ್ತೆ ಅಗಲಬಹುದಾದರೆ ಅದು ಸಂಯೋಗ. ನೂಲಿಗೂ ಬಟ್ಟೆಗೂ ಇರುವಂತೆ, ಬಿಡಿಸಿದರೆ ಬಟ್ಟೆಯೇ ಇಲ್ಲವಾಗುವುದಾದರೆ ಸಮವಾಯ. ವೈಶೇಷಿಕ ದರ್ಶನದವರ ಈ ವಿಂಗಡಣೆ ಹಳೆಯದು. ಬಿಡಿಸಲಾಗದ್ದೆಲ್ಲ ಒಂದೇ ಎಂದು ನಾವು ಅದರಿಂದ ಸಲೀಸಾಗಿ ತೀರ್ಮಾನಿಸಿಬಿಡುತ್ತೇವೆ. ಅಲ್ಟ್ರಾಸಾನಿಕ್ ವೆಲ್ಡಿಂಗ್ ಯಂತ್ರದ ಕೆಲಸ ನೋಡಿದರೆ ಈ ತೀರ್ಮಾನ ನಿಲ್ಲುವುದಿಲ್ಲ. ಬಿಡಿಸಲಾಗದಿರುವುದು ಬೇರೆ, ಭೇದವಿಲ್ಲದಿರುವುದು ಬೇರೆ.

ಯಂತ್ರದ ಜನರೇಟರ್ 50 ಹರ್ಟ್ಸ್ ವಿದ್ಯುತ್ತನ್ನು ಸಾಮಾನ್ಯವಾಗಿ 20 ಕಿಲೋಹರ್ಟ್ಸ್‌ಗೆ ಏರಿಸುತ್ತದೆ. ಪೀಜೋ ಸೆರಾಮಿಕ್ ಬಿಲ್ಲೆಗಳು ಅದನ್ನು ಕಂಪನವಾಗಿಸುತ್ತವೆ. ಬೂಸ್ಟರ್ ಕಂಪನದ ಹರವನ್ನು ಹೊಂದಿಸಿಕೊಟ್ಟರೆ, ಹಾರ್ನ್ ಅದನ್ನು ವಸ್ತುವಿಗೆ ಮುಟ್ಟಿಸುತ್ತದೆ. ಎಬಿಎಸ್ ಪ್ಲಾಸ್ಟಿಕ್ಕಿನ ಎರಡು ತುಂಡುಗಳಾದರೆ, ಒಂದರ ಅಂಚಿನಲ್ಲಿ ಅರ್ಧ ಮಿಲಿಮೀಟರಿನಷ್ಟು ಎತ್ತರದ ತ್ರಿಕೋನದ ಏಣೊಂದನ್ನು ಅಚ್ಚಿನಲ್ಲೇ ಮಾಡಿಟ್ಟಿರುತ್ತಾರೆ. ಶಕ್ತಿಯೆಲ್ಲ ಆ ತುದಿಗೆ ಸೇರಿ ಏಣು ಕ್ಷಣದಲ್ಲೇ ಕರಗಿ ಹರಡುತ್ತದೆ. ಎರಡೂ ಕಡೆಯ ಪಾಲಿಮರ್ ಸರಪಳಿಗಳು ಗಡಿ ದಾಟಿ ಹೆಣೆದುಕೊಳ್ಳುತ್ತವೆ. ಒತ್ತಡದಲ್ಲೇ ಆರಿದ ಮೇಲೆ, ಬೆಸುಗೆ ಚೆನ್ನಾಗಿದ್ದರೆ, ಹಳೆಯ ಗಡಿ ಎಲ್ಲಿತ್ತೆಂದು ತೋರಿಸುವುದು ಕಷ್ಟ. ಬ್ಯಾಟರಿಗಾಗಿ ತಾಮ್ರಕ್ಕೆ ಅಲ್ಯುಮಿನಿಯಂ ಬೆಸೆಯುವಾಗ ನಡೆಯುವುದೇ ಬೇರೆ. ಅಲ್ಲಿ ಕಂಪನ ಮೇಲ್ಮೈಗೆ ಸಮಾನಾಂತರ. ಉಜ್ಜಾಟಕ್ಕೆ ಆಕ್ಸೈಡ್ ಪೊರೆ ಹರಿದು, ಲೋಹಕ್ಕೆ ಲೋಹ ನೇರ ತಾಗಿ, ಕರಗದೆಯೇ ಕಚ್ಚಿಕೊಳ್ಳುತ್ತದೆ. ಜಗ್ಗಿದರೆ ಬೆಸುಗೆಗಿಂತ ಮೊದಲು ಪಕ್ಕದ ಹಾಳೆಯೇ ಹರಿದೀತು. ಆದರೂ ಅಡ್ಡಲಾಗಿ ಕೊಯ್ದು ಸೂಕ್ಷ್ಮದರ್ಶಕದಡಿ ಇಟ್ಟರೆ ಇತ್ತ ತಾಮ್ರ, ಅತ್ತ ಅಲ್ಯುಮಿನಿಯಂ.

ವೈಶೇಷಿಕ ಇದಕ್ಕೆ ಬಗ್ಗುವವನಲ್ಲ. ತುಂಡುಗಳ ನಡುವಿನದು ಸಂಯೋಗವೇ, ಅದರಿಂದ ಹೊಸ ಅವಯವಿ, ಅಂದರೆ ಭಾಗಗಳಿಂದಾದ ಇಡೀ ವಸ್ತು, ಹುಟ್ಟಿ ಆ ತುಂಡುಗಳಲ್ಲಿ ಸಮವಾಯದಿಂದ ನೆಲೆಸಿದೆ ಎಂದಾನು. ಆದರೆ ಈ ಉತ್ತರ ಎರಡೂ ಬೆಸುಗೆಗೆ ಒಂದೇ. ಒಂದರಲ್ಲಿ ಗಡಿ ಅಳಿದು ಇನ್ನೊಂದರಲ್ಲಿ ಉಳಿದದ್ದನ್ನು ಅದು ಮುಟ್ಟುವುದೇ ಇಲ್ಲ. ಪ್ಲಾಸ್ಟಿಕ್ಕಿನಲ್ಲೂ ಅಣುಗಳು ಹೆಣೆದುಕೊಂಡಿವೆಯಷ್ಟೇ, ಒಂದಾಗಿಲ್ಲ ಎಂಬ ಆಕ್ಷೇಪ ಇನ್ನೂ ಗಟ್ಟಿ. ನಿಜವೇ. ಆದರೆ ಬೆಸೆಯದ ತುಂಡಿನ ಒಳಗಿರುವುದೂ ಅದೇ ಹೆಣಿಗೆ. ಅದನ್ನು ಒಂದು ಎಂದವರು ಇದನ್ನೂ ಒಂದು ಎನ್ನಲೇಬೇಕು. ತಾಮ್ರದ ಜೋಡಿಗೆ ಈ ರಿಯಾಯಿತಿ ಇಲ್ಲ. ಭೇದ ವಸ್ತುವಿನ ಸ್ವರೂಪವೇ ಎಂಬ ಮಧ್ವರ ಮಾತು ಅಲ್ಲಿ ಹೆಚ್ಚು ಒಪ್ಪುತ್ತದೆ. ಬಿಡದೆಯೂ ಬೇರೆಯಾಗಿರುವುದನ್ನು ಹೇಳುವ ರಾಮಾನುಜರ ಅಪೃಥಕ್‌ಸಿದ್ಧಿ ಅದಕ್ಕೆ ಇನ್ನೂ ಹತ್ತಿರವಲ್ಲವೇ ಎಂದು ಯಾರಾದರೂ ಕೇಳಬಹುದು. ಪೂರ್ತಿ ಅಲ್ಲ: ಅವರ ಮತದಲ್ಲಿ ಶರೀರ ಆತ್ಮವನ್ನು ಬಿಟ್ಟು ಇರಲಾರದು, ತಾಮ್ರವಾದರೋ ಬೆಸುಗೆಗೆ ಮೊದಲೂ ತನ್ನ ಪಾಡಿಗೆ ತಾಮ್ರವಾಗಿಯೇ ಇತ್ತು.