ಪಟದ ಅಂಚು

ಮೂಲಚಿತ್ರಕ್ಕೆ ಒಂದು ಗೋಡೆ. ಅಚ್ಚಿನ ಪಟಕ್ಕೆ ಊರೆಲ್ಲ ಗೋಡೆ. ಬೆಲೆ ಕಟ್ಟುವವರು ಮೊದಲನೆಯದನ್ನು ಲೆಕ್ಕಕ್ಕೆ ಹಿಡಿಯುತ್ತಾರೆ. ಚರಿತ್ರೆ ಬರೆಯುವವರಿಗೆ ಬೇಕಾದದ್ದು ಎರಡನೆಯದು.

ರಾಜಾ ರವಿವರ್ಮನ ಕುಂಚ ನೋಡಲು ಮೈಸೂರಿನ ಜಗನ್ಮೋಹನ ಅರಮನೆಗೆ ಹೋಗಬೇಕು. ಅವನ ಲಕ್ಷ್ಮಿಯನ್ನು ನೋಡಲು ಅಜ್ಜಿಯ ದೇವರಮನೆ ಸಾಕಾಗಿತ್ತು.

1894ರಲ್ಲಿ ಮುಂಬಯಿಯಲ್ಲಿ ರವಿವರ್ಮನ ಮುದ್ರಣಾಲಯ ಶುರುವಾಯಿತು. ಗುಡಿಯೊಳಗೆ ಬಿಡದಿದ್ದವರ ಮನೆಗೆ ದೇವರೇ ಬಂದ. ಸುರುಳಿ ಸುತ್ತಿಸಿಕೊಂಡು, ಕಂಕುಳಲ್ಲಿ ಕೂತು ಬಂದ.

ಅಚ್ಚಿನ ಕಲ್ಲು ಬವೇರಿಯಾದ್ದು, ಯಂತ್ರ ಜರ್ಮನಿಯದು, ಯಂತ್ರ ನಡೆಸಿದವರೂ ಜರ್ಮನರು. ಅಚ್ಚಾಗಿ ಬಂದವಳು ನಮ್ಮೆಲ್ಲರ ಮನಸ್ಸಿನಲ್ಲಿ ಇವತ್ತಿಗೂ ಕೂತಿರುವ ಸರಸ್ವತಿ.

ಕಲ್ಲಚ್ಚಿನ ಗುಟ್ಟು ಜಿಡ್ಡು ಮತ್ತು ನೀರಿನ ಹಗೆತನ. ಕಲ್ಲಿನ ಮೇಲೆ ಎಳೆದ ಜಿಡ್ಡಿನ ಗೆರೆ ನೀರನ್ನು ಒಲ್ಲದು. ನೆನೆದ ಕಲ್ಲು ಜಿಡ್ಡಿನ ಶಾಯಿಯನ್ನು ಒಲ್ಲದು. ಇಬ್ಬರೂ ಹಟ ಬಿಡದಿದ್ದರೆ ಮಾತ್ರ ಚಿತ್ರ.

ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು. ಹಾಳೆ ಕೂದಲೆಳೆಯಷ್ಟು ಸರಿದರೆ ತುಟಿಯ ಕೆಂಪು ಗಲ್ಲಕ್ಕೆ ಇಳಿಯುತ್ತದೆ. ಆಗ ಅದು ರದ್ದಿ. ಈಗ ಅದು ಹಳೆತನದ ಗುರುತು. ಆದರೂ ಅದೊಂದನ್ನೇ ನೆಚ್ಚಬಾರದು: ಹಳೆಯ ಪಟದ ಫೋಟೋ ತೆಗೆದು ಮತ್ತೆ ಅಚ್ಚು ಹಾಕಿದರೆ ತಪ್ಪೂ ನಕಲಾಗುತ್ತದೆ.

ಹೊಸ ಚಿತ್ರ ಬರೆಯಲು ಹಳೆಯ ಚಿತ್ರವನ್ನು ಕಲ್ಲಿನಿಂದ ತಿಕ್ಕಿ ತೆಗೆಯಬೇಕು. ಮೂಲ ಅಳಿಯುತ್ತದೆ, ಪ್ರತಿ ಉಳಿಯುತ್ತದೆ.

ಬರಿಗಣ್ಣಿಗೆ ಎಲ್ಲ ಪಟವೂ ಒಂದೇ. ಭೂತಗನ್ನಡಿ ಹಿಡಿದು ದೇವಿಯ ಕೆನ್ನೆಯನ್ನು ನೋಡಬೇಕು. ಕಲ್ಲಚ್ಚಿನ ಚುಕ್ಕೆಗಳಿಗೆ ಶಿಸ್ತಿಲ್ಲ. ಒಂದು ದಪ್ಪ, ಒಂದು ಸಣ್ಣ, ಎಲ್ಲೋ ಒತ್ತು, ಎಲ್ಲೋ ವಿರಳ. ಒಂದೊಂದನ್ನೂ ಯಾರೋ ಕೂತು ಕೈಯಿಂದ ಇಟ್ಟಿದ್ದಾರೆ. ಆಫ್‌ಸೆಟ್ಟಿನಲ್ಲಿ ನಾಲ್ಕು ಬಣ್ಣದ ಚುಕ್ಕೆಗಳು ಲೆಕ್ಕ ತಪ್ಪದೆ ಸಾಲುಗಟ್ಟಿ ಪುಟ್ಟ ಪುಟ್ಟ ಹೂಗಳಾಗುತ್ತವೆ. ಇಂಕ್‌ಜೆಟ್ಟಿನಲ್ಲಿ ತುಂತುರು ಎರಚಿದ ಹಾಗಿರುತ್ತದೆ. ಮೂರರಲ್ಲೂ ದೇವಿಯ ನಗು ಒಂದೇ. ಅದನ್ನು ನೋಡಿ ಕೊಂಡವರು ಮೋಸಹೋದರು.

ಓಲಿಯೋಗ್ರಾಫ್ ತೈಲಚಿತ್ರದ ವೇಷ ಹಾಕಿದ ಕಾಗದ. ವಾರ್ನಿಷ್ ಬಳಿದರು, ಕ್ಯಾನ್ವಾಸಿನ ನೇಯ್ಗೆ ಒತ್ತಿದರು. ಒಂದು ಕಾಲದ ನಕಲಿ ಮೆರುಗನ್ನೇ ಇನ್ನೊಂದು ಕಾಲ ಅಸಲಿಯ ಲಕ್ಷಣ ಎನ್ನುತ್ತದೆ.

ರವಿವರ್ಮ ಪ್ರೆಸ್ಸಿನ ಪಟವೆಲ್ಲ ರವಿವರ್ಮನದಲ್ಲ. ಚಿತ್ರಕಾರ ಎಂ.ವಿ. ಧುರಂಧರ್ ಬರೆದವೂ ಅಲ್ಲೇ ಅಚ್ಚಾದವು. 1901ರಲ್ಲಿ ಮುದ್ರಣಾಲಯ ಫ್ರಿಟ್ಸ್ ಶ್ಲೈಷರ್ ಎಂಬ ಜರ್ಮನ್ ತಂತ್ರಜ್ಞನ ಪಾಲಾಯಿತು. ಹೆಸರು ಮಾತ್ರ ಅದೇ ಉಳಿಯಿತು. 1906ರಲ್ಲಿ ರವಿವರ್ಮ ತೀರಿಕೊಂಡ. ಹೆಸರು ದುಡಿಯುತ್ತಲೇ ಇತ್ತು.

ಸಾಲದಲ್ಲಿ ಮುಳುಗಿದ ಮುದ್ರಣಾಲಯ, ಸಂಪತ್ತು ಸುರಿಸುವ ಲಕ್ಷ್ಮಿಯನ್ನು ಮನೆಮನೆಗೆ ಕಳಿಸಿತು.

ಕಣ್ಣು ಮುಖಕ್ಕೆ ಹೋಗುತ್ತದೆ. ಬೆಲೆ ಅಂಚಿನಲ್ಲಿರುತ್ತದೆ.

ಕೆಳ ಅಂಚಿನ ಇರುವೆಸಾಲಿನಂಥ ಅಕ್ಷರಗಳನ್ನು ಓದಿ. ಮುಂಬಯಿ, ಘಾಟ್‌ಕೋಪರ್, ಕಾರ್ಲಾ, ಲೋಣಾವಳ: ಮುದ್ರಣಾಲಯ ಎಲ್ಲಿತ್ತೆಂದು ಗೊತ್ತಾದರೆ ಯಾವಾಗಿನದೆಂದು ಅರ್ಧ ಗೊತ್ತಾದಂತೆ. ಲೋಣಾವಳದ ಕಡೆಗೆ ಅದು ಹೋದದ್ದು 1899ರ ಸುಮಾರಿಗೆ, ಮುಂಬಯಿ ಪ್ಲೇಗಿನಲ್ಲಿ ನರಳುತ್ತಿದ್ದಾಗ. ಊರು ಬಿಟ್ಟ ಸಂಕಟ ಇಂದು ಕಾಲ ತಿಳಿಸುವ ಸಾಧನ.

ಆ ಅಕ್ಷರಗಳನ್ನು ಮೊದಲು ಕತ್ತರಿಸಿದವನು ಕಳ್ಳನಲ್ಲ, ಕಟ್ಟು ಹಾಕುವವನು. ಅವನ ಹತ್ತಿರ ಇದ್ದ ಕಟ್ಟು ಚಿಕ್ಕದು. ದೇವರಿಗೆ ಪೆಟ್ಟಾಗದಂತೆ ಜೋಪಾನವಾಗಿ ಅಂಚು ಕತ್ತರಿಸಿದ. ಭಕ್ತಿಯಲ್ಲಿ ಕೊರತೆ ಇರಲಿಲ್ಲ.

ಸೀರೆಗೆ ಬಟ್ಟೆ ಅಂಟಿಸಿ, ಸೆರಗಿಗೆ ಜರಿ ಹೊಲಿದು, ಕಿರೀಟಕ್ಕೆ ಚಮಕಿ ಕೂರಿಸಿದ ಪಟಗಳಿವೆ. ಪಟ ಕೆಡಿಸಿದರು ಎನ್ನುವವರು ಇದ್ದರು. ಈಗ ಅವನ್ನೇ ಹುಡುಕಿಕೊಂಡು ಬರುವವರಿದ್ದಾರೆ. ಚಿತ್ರಕಾರನ ಹೆಸರು ಕೆಳಗೆ ಅಚ್ಚಾಗಿದೆ. ಚಮಕಿ ಇಟ್ಟವಳ ಹೆಸರಿಗೆ ಯಾವ ಅಂಚಿನಲ್ಲೂ ಜಾಗವಿಲ್ಲ.

ಪಾದದ ಬಳಿ ಕುಂಕುಮ, ಗಾಜಿನ ಮೇಲೆ ಊದುಬತ್ತಿಯ ಹೊಗೆ. ವ್ಯಾಪಾರಿಯ ಪಟ್ಟಿಯಲ್ಲಿ ಇದು ದೋಷ. ಗೋದಾಮಿನಲ್ಲೇ ಉಳಿದು, ಒಂದು ದಿನವೂ ಪೂಜೆ ಕಾಣದ ಪ್ರತಿಗೆ ಅವನು ಹೆಚ್ಚು ಕೊಡುತ್ತಾನೆ.

ಹಳೆಯದೆಲ್ಲ ಅಪರೂಪವಲ್ಲ. ಲಕ್ಷ್ಮಿ ಎಲ್ಲರ ಮನೆಯಲ್ಲೂ ಇದ್ದಳು, ಇವತ್ತಿಗೂ ಸಿಗುತ್ತಾಳೆ. ಅಂದು ಯಾರೂ ಕೇಳದೆ ಮೂಲೆ ಸೇರಿದ ಚಿತ್ರವೇ ಇಂದು ಸಂಗ್ರಾಹಕರ ನಿದ್ದೆ ಕೆಡಿಸುತ್ತದೆ.

ಪಟಕ್ಕಿಂತ ಕಟ್ಟು ಹಳೆಯದಿರಬಹುದು. ಬರ್ಮಾ ತೇಗದ ಕಟ್ಟಿನೊಳಗೆ ನಿನ್ನೆಯ ಅಚ್ಚು ಕೂತಿರಬಹುದು. ಹಿಂದೆ ಅಂಟಿಸಿದ ಹಳೆಯ ಪತ್ರಿಕೆಯ ಹಾಳೆ ಪತ್ರಿಕೆಯ ತಾರೀಖು ಹೇಳುತ್ತದೆ, ಅಷ್ಟೆ.

ಚಹದ ನೀರಿನಲ್ಲಿ ಅದ್ದಿದ ಕಾಗದಕ್ಕೆ ಒಂದೇ ರಾತ್ರಿಯಲ್ಲಿ ನೂರು ವರ್ಷ. ಆದರೆ ಆ ಮುಪ್ಪು ಎಲ್ಲ ಕಡೆ ಒಂದೇ ಸಮ. ನಿಜವಾದ ಮುಪ್ಪಿಗೆ ಪಕ್ಷಪಾತವಿದೆ: ಕಟ್ಟಿನ ಅಡಿ ಅಡಗಿದ್ದ ಅಂಚಿಗೆ ಒಂದು ಬಣ್ಣ, ಬೆಳಕು ಕಂಡ ಕಾಗದಕ್ಕೆ ಇನ್ನೊಂದು, ಹಿಂದಿನ ಹಲಗೆಯ ಗಂಟು ಇದ್ದಲ್ಲಿ ಕಂದು ಕಲೆ.

ನೇರಳಾತೀತ ದೀಪದ ಕೆಳಗೆ ಕಾಗದ ನೀಲಿಬಿಳುಪಾಗಿ ಹೊಳೆದರೆ ಕೈ ಹಿಂದೆ ತೆಗೆಯಿರಿ. ಆ ಬಿಳುಪಿನ ರಾಸಾಯನಿಕ ಕಾಗದಕ್ಕೆ ಬಂದದ್ದು ಎರಡನೇ ಮಹಾಯುದ್ಧದ ನಂತರ.

ಪರೀಕ್ಷೆಗೆ ಒಪ್ಪದ ಮಾರಾಟಗಾರ ಪರೀಕ್ಷೆಯ ಫಲಿತಾಂಶವನ್ನು ಮೊದಲೇ ಹೇಳಿರುತ್ತಾನೆ.

ಇಂದಿನ ಕಲಾವಿದರು ಪೆನ್ಸಿಲ್ಲಿನಲ್ಲಿ 1/50 ಎಂದು ಬರೆಯುತ್ತಾರೆ. ಒಂದನೆಯದು ಮೊದಲು ಅಚ್ಚಾದದ್ದೇ ಆಗಬೇಕಿಲ್ಲ. ಕೊಳ್ಳುವವರು ಅದಕ್ಕೇ ಮುಗಿಬೀಳುತ್ತಾರೆ. ನೋಡಬೇಕಾದದ್ದು ಗೆರೆಯ ಆಚೆಗಿನ ಐವತ್ತನ್ನು: ಒಟ್ಟು ಪ್ರತಿಗಳು ಅಷ್ಟು.

ಕಲಾವಿದ ಸಾಲ್ವಡಾರ್ ಡಾಲಿ ಖಾಲಿ ಹಾಳೆಗಳಿಗೆ ಸಹಿ ಹಾಕಿಟ್ಟ. ಚಿತ್ರ ಆಮೇಲೆ ಬಂದು ಸಹಿಯ ಮೇಲೆ ಕೂತಿತು. ಅಲ್ಲಿಂದ ಮುಂದೆ ಅವನ ನಿಜವಾದ ಸಹಿಯೂ ಅನುಮಾನ ಹುಟ್ಟಿಸಿತು.

ಜರ್ಮನ್ ಕಲಾವಿದ ಆಲ್ಬ್ರೆಕ್ಟ್ ಡ್ಯೂರರನ ಮರದಚ್ಚುಗಳನ್ನು ಅವನು ಬದುಕಿದ್ದಾಗಲೇ ಇಟಲಿಯಲ್ಲಿ ನಕಲು ಮಾಡಿದರು, ಅವನ ಮುದ್ರೆಯನ್ನೂ ಬಿಡದೆ. ಆ ನಕಲುಗಳಿಗೂ ಈಗ ಐನೂರು ವರ್ಷ. ಮ್ಯೂಸಿಯಮ್ಮುಗಳು ಅವನ್ನೂ ಕಾಪಾಡುತ್ತವೆ. ಸುಳ್ಳು ಸಾಕಷ್ಟು ಕಾಲ ಬದುಕಿದರೆ ಅದಕ್ಕೂ ಒಂದು ಗಾಜಿನ ಕಪಾಟು ಸಿಗುತ್ತದೆ.

ಚೆಟ್ಟಿನಾಡಿನ ಮಹಲುಗಳು ಪಾಲಾದಾಗ ಪಟಗಳು ಕಾರೈಕುಡಿಯಲ್ಲಿ ಹಳೆಯ ಸಾಮಾನು ಮಾರುವ ಮುನೀಶ್ವರನ್ ಕೋವಿಲ್ ಬೀದಿಗೆ ಬಂದವು. ಅಣ್ಣತಮ್ಮಂದಿರು ಕಂಬ ಎಣಿಸಿದರು, ಬಾಗಿಲು ಎಣಿಸಿದರು. ಪಟ ಯಾರ ಲೆಕ್ಕದಲ್ಲೂ ಇರಲಿಲ್ಲವಾದ್ದರಿಂದ ಹರಿಯದೆ ಉಳಿಯಿತು.

ಗುಜರಿಯವನು ಪಟಕ್ಕೆ ಮೂರು ಬೆಲೆ ಹೇಳುತ್ತಾನೆ: ಗಾಜಿಗೆ, ಮರಕ್ಕೆ, ಕಾಗದಕ್ಕೆ. ಹರಾಜಿನವನು ಹೇಳುವುದು ಒಂದೇ. ಇಬ್ಬರ ನಡುವೆ ಇರುವುದು ತಿಳಿವಳಿಕೆ; ಅದರ ಲಾಭ ಮಾತ್ರ ದಲ್ಲಾಳಿಗೆ.

ಕೇಳುವ ಬೆಲೆ ಮಾರುವವನ ಆಸೆ. ಸಂದ ಬೆಲೆ ಮಾತ್ರ ಸುದ್ದಿ.

ಕಲಬುರಗಿಯ ಚಿತ್ರಕಾರ ಎಸ್.ಎಂ. ಪಂಡಿತರ ದೇವರುಗಳು ಕ್ಯಾಲೆಂಡರಿನಲ್ಲಿ ಮನೆಗೆ ಬಂದರು. ಡಿಸೆಂಬರ್ ಮುಗಿದಾಗ ಜನ ತಾರೀಖಿನ ಭಾಗ ಕತ್ತರಿಸಿ ದೇವರಿಗೆ ಕಟ್ಟು ಹಾಕಿಸಿದರು. ಸಂಗ್ರಾಹಕರು ಈಗ ಹುಡುಕುವುದು ಆ ಕತ್ತರಿಸಿ ಎಸೆದ ತಾರೀಖನ್ನು. ಸೋಪಿನ ಹೆಸರೋ ಗ್ರೈಪ್ ವಾಟರಿನ ಹೆಸರೋ ಕೆಳಗೆ ಉಳಿದಿದ್ದರೆ ಇನ್ನೂ ಸಂತೋಷ.

ಬಿಸಿಲು ಬಣ್ಣ ತಿನ್ನುತ್ತದೆ, ಬೆಳ್ಳಿಹುಳು ಕಾಗದ ತಿನ್ನುತ್ತದೆ, ಗೋಡೆಯ ಥಂಡಿ ಎರಡನ್ನೂ. ಮನುಷ್ಯನ ಪಾಲಿಗೆ ಉಳಿದದ್ದು ಲ್ಯಾಮಿನೇಷನ್. ಪಟ ಉಳಿಯುತ್ತದೆ, ಅದರ ಬೆಲೆ ಉಳಿಯುವುದಿಲ್ಲ.

1972ರಲ್ಲಿ ರವಿವರ್ಮನ ಮುದ್ರಣಾಲಯಕ್ಕೆ ಬೆಂಕಿ ಬಿತ್ತು. 1979ರಲ್ಲಿ ಅವನ ಚಿತ್ರಗಳು ರಾಷ್ಟ್ರದ ಕಲಾಸಂಪತ್ತು ಎಂಬ ಘೋಷಣೆ ಬಂತು. ಬೆಂಕಿ ಏಳು ವರ್ಷ ಮುಂಚೆ ಬಂದಿತ್ತು.

ಮನೆಯ ಹಳೆಯ ಪಟಕ್ಕೆ ಹೊಸ ಕಟ್ಟು ಹಾಕಿಸುವುದಿದ್ದರೆ ಅಂಗಡಿಯವರಿಗೆ ಮೊದಲೇ ಹೇಳಿ: ಗಾಜು ಬದಲಾಗಲಿ, ರಟ್ಟು ಬದಲಾಗಲಿ, ಕಾಗದಕ್ಕೆ ಕತ್ತರಿ ತಾಗಬಾರದು. ಕಟ್ಟು ಚಿಕ್ಕದಾದರೆ ದೊಡ್ಡದು ಮಾಡಿಸಿ.